ಲಾರಿ ಎಲ್ಲಿ ನಿಲ್ಲುತ್ತದೆ? ಐರೋಪ್ಯ ಒಕ್ಕೂಟಕ್ಕೆ ಹತ್ತಿರವಾಗುವ ಐದು ದಾರಿಗಳ ಹೋಲಿಕೆ

2021ರ ಜನವರಿ. ನೆದರ್‌ಲ್ಯಾಂಡ್ಸ್‌ನ ಹುಕ್ ಆಫ್ ಹಾಲೆಂಡ್ ಬಂದರು. ಬ್ರಿಟನ್ನಿನಿಂದ ಬಂದ ಹಡಗಿನಿಂದ ಲಾರಿಗಳು ಇಳಿಯುತ್ತಿವೆ. ಕಸ್ಟಮ್ಸ್‌ನವರು ಒಬ್ಬ ಡ್ರೈವರನ್ನು ನಿಲ್ಲಿಸಿ ಅವನ ಊಟದ ಪೊಟ್ಟಣ ನೋಡುತ್ತಾರೆ. ಫಾಯಿಲ್‌ನಲ್ಲಿ ಸುತ್ತಿದ ಹ್ಯಾಮ್ ಸ್ಯಾಂಡ್‌ವಿಚ್. ಮಾಂಸ ಒಳಗೆ ತರುವ ಹಾಗಿಲ್ಲ ಅನ್ನುತ್ತಾರೆ. ಮಾಂಸ ತೆಗೆದುಕೊಂಡು ಬ್ರೆಡ್ ಆದರೂ ಬಿಡಿ ಎಂದು ಡ್ರೈವರ್ ಕೇಳುತ್ತಾನೆ. ಇಲ್ಲ, ಎಲ್ಲವೂ ಇಲ್ಲೇ ಉಳಿಯಬೇಕು. "ವೆಲ್‌ಕಮ್ ಟು ದ ಬ್ರೆಕ್ಸಿಟ್, ಸರ್, ಐ ಆಮ್ ಸಾರಿ" ಎನ್ನುತ್ತಾರೆ ಅಧಿಕಾರಿ. ಡಚ್ ಟಿವಿಯಲ್ಲಿ ಬಂದ ಈ ದೃಶ್ಯ ಆಗ ಎಲ್ಲ ಕಡೆ ಹರಿದಾಡಿತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ ವಿಷಯ. ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟು ಹೊರಬಂದದ್ದಕ್ಕೇ ಬ್ರೆಕ್ಸಿಟ್ ಎಂದು ಹೆಸರು. ಆದರೂ ಆ ದಿನ ಇಬ್ಬರ ನಡುವೆ ಮುಕ್ತ ವ್ಯಾಪಾರ ಒಪ್ಪಂದ ಇತ್ತು. ಸುಂಕ ಸೊನ್ನೆ. ಇಷ್ಟೇ ಟನ್ ತರಬೇಕು ಎಂಬ ಮಿತಿಯೂ ಇಲ್ಲ. ಆದರೂ ಲಾರಿ ನಿಂತಿತು. ಒಂದು ತಿಂಗಳ ಹಿಂದೆ ಅದೇ ಡ್ರೈವರ್ ಅದೇ ಬಂದರಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಲೇ ಹೊರಗೆ ಹೋಗಬಹುದಿತ್ತು.

ನಾನು ಮಂಗಳೂರಿನಲ್ಲಿ ರಫ್ತಿನ ಕಾಗದಪತ್ರ ಮಾಡುವ ಕೆಲಸದಲ್ಲಿದ್ದೇನೆ. ಗಡಿ ಅಂದರೆ ನನಗೆ ನಕ್ಷೆಯ ಗೆರೆ ನೆನಪಾಗುವುದಿಲ್ಲ, ಸಾಲುಗಟ್ಟಿ ನಿಂತ ಲಾರಿಗಳು ನೆನಪಾಗುತ್ತವೆ. ಮೊದಲು ತಲಪಾಡಿ ದಾಟಿ ಕೇರಳಕ್ಕೆ ಹೋಗುವ ಲಾರಿ ಮಂಜೇಶ್ವರದ ತೆರಿಗೆ ಚೆಕ್‌ಪೋಸ್ಟ್‌ನಲ್ಲಿ ನಿಲ್ಲಬೇಕಿತ್ತು. ಡ್ರೈವರ್ ಬಿಲ್ಲು ಹಿಡಿದುಕೊಂಡು ಕೌಂಟರಿಗೆ ಹೋಗಬೇಕು, ಸೀಲು ಹಾಕಿಸಿಕೊಂಡು ಬರಬೇಕು. ಒಂದೇ ದೇಶ, ಒಂದೇ ರೂಪಾಯಿ, ಆದರೂ ನಿಲ್ಲಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಆ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ಅದಕ್ಕೆ ಕರ್ನಾಟಕವೂ ಒಂದು ಬೆಲೆ ಕೊಟ್ಟಿತು. ತೆರಿಗೆ ದರವನ್ನು ಈಗ ನಾವೊಬ್ಬರೇ ತೀರ್ಮಾನಿಸುವ ಹಾಗಿಲ್ಲ. ಅದು ಜಿಎಸ್‌ಟಿ ಮಂಡಳಿಯ ಕೆಲಸ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳ ಮತಕ್ಕೆ ಸೇರಿ ಮೂರನೇ ಎರಡು ತೂಕ. ಮುಕ್ಕಾಲು ಪಾಲು ಒಪ್ಪಿದರೆ ಮಾತ್ರ ತೀರ್ಮಾನ. ದರ ಹಿಡಿಸದಿದ್ದರೂ ಆ ಸಭೆಯಲ್ಲಿ ನಮಗೊಂದು ಕುರ್ಚಿ ಇದೆ.

ದೇಶ ದೇಶಗಳು ಒಂದಾಗುವ ಯಾವ ಒಪ್ಪಂದವನ್ನು ನೋಡಿದರೂ ನಾನು ಇದೇ ಎರಡು ಪ್ರಶ್ನೆ ಕೇಳುತ್ತೇನೆ. ಗೇಟಿನಲ್ಲಿ ಏನು ನಿಲ್ಲುತ್ತದೆ? ನಿಯಮ ಬರೆಯುವ ಕೋಣೆಯಲ್ಲಿ ನಿಮಗೆ ಕುರ್ಚಿ ಇದೆಯಾ? ಐರೋಪ್ಯ ಒಕ್ಕೂಟದಲ್ಲಿ 27 ದೇಶಗಳಿವೆ. ಅದರ ಅಕ್ಕಪಕ್ಕದ ದೇಶಗಳು ಅದರ ಜೊತೆ ಐದು ಬೇರೆ ಬೇರೆ ರೀತಿಯಲ್ಲಿ ಸಂಬಂಧ ಇಟ್ಟುಕೊಂಡಿವೆ. ಹಾಗಾಗಿ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ದೂರದ ಸಂಬಂಧದಿಂದ ಶುರು ಮಾಡಿ ಹತ್ತಿರಕ್ಕೆ ಹೋಗೋಣ.

ಮುಕ್ತ ವ್ಯಾಪಾರ ಒಪ್ಪಂದ: ಕೆನಡಾ ಮತ್ತು ಬ್ರಿಟನ್

ಇದು ಎಲ್ಲಕ್ಕಿಂತ ಸಡಿಲವಾದ ಗಂಟು. ನಿಮ್ಮ ಸರಕಿಗೆ ನಾವು ಸುಂಕ ಹಾಕುವುದಿಲ್ಲ, ನಮ್ಮದಕ್ಕೆ ನೀವು ಹಾಕಬೇಡಿ. ಬೇರೆ ದೇಶಗಳ ಸರಕಿಗೆ ಎಷ್ಟು ಹಾಕುತ್ತೀರೋ ಅದು ನಿಮ್ಮಿಷ್ಟ. ಕಾನೂನು ನಿಮ್ಮದೇ, ಕೋರ್ಟು ನಿಮ್ಮದೇ. ಕೆನಡಾದ ಒಪ್ಪಂದ ಹೀಗೆಯೇ 2017ರ ಸೆಪ್ಟೆಂಬರ್ 21ರಿಂದ ತಾತ್ಕಾಲಿಕವಾಗಿ ಜಾರಿಯಲ್ಲಿದೆ.

ಕೇಳುವುದಕ್ಕೆ ಚೆನ್ನಾಗಿದೆ, ಅಲ್ವಾ? ತೊಡಕು ಇರುವುದು ಸರಕು ಎಲ್ಲಿಯದು ಎಂಬಲ್ಲಿ. ಎರಡೂ ಕಡೆ ಹೊರಗಿನವರಿಗೆ ಬೇರೆ ಬೇರೆ ಸುಂಕ ಇರುವುದರಿಂದ, ಸುಮ್ನೆ ಬಿಟ್ಟರೆ ಜಗತ್ತಿನ ಸರಕೆಲ್ಲ ಸುಂಕ ಕಡಿಮೆ ಇರುವ ಬಾಗಿಲಿನಿಂದ ಒಳಗೆ ಬರುತ್ತದೆ. ಅದನ್ನು ತಡೆಯಲು ಮೂಲದ ನಿಯಮ ಬೇಕು. ಈ ವಸ್ತು ನಿಜವಾಗಿ ನಮ್ಮಲ್ಲೇ ಆದದ್ದು ಎಂದು ಪ್ರತಿ ಸಲ ತೋರಿಸಬೇಕು.

ಇದು ಎಷ್ಟು ಕಷ್ಟ ಎಂದು ನಮ್ಮೂರಿನ ಗೇರುಬೀಜವೇ ಹೇಳುತ್ತದೆ. ಕರಾವಳಿಯ ಗೇರು ಕಾರ್ಖಾನೆಗಳಿಗೆ ಆಫ್ರಿಕಾದಿಂದ ಹಸಿ ಬೀಜ ಬರುತ್ತದೆ. ಇಲ್ಲಿ ಬೇಯಿಸಿ, ಒಡೆದು, ಒಣಗಿಸಿ, ಸಿಪ್ಪೆ ತೆಗೆದು, ಗ್ರೇಡು ಮಾಡುತ್ತಾರೆ. ಕೆಲಸವೆಲ್ಲ ನಮ್ಮ ಹೆಂಗಸರ ಕೈಯದು. ಒಮ್ಮೆ ಹೊರದೇಶದ ಖರೀದಿದಾರರೊಬ್ಬರು ಸುಂಕದ ರಿಯಾಯಿತಿ ಸಿಗಲೆಂದು ನಮ್ಮಿಂದ ಮೂಲದ ಸರ್ಟಿಫಿಕೇಟ್ ಕೇಳಿದರು. ಆ ಒಪ್ಪಂದದ ನಿಯಮ ತೆಗೆದು ನೋಡಿದೆ. ಬೀಜ ಭಾರತದಲ್ಲೇ ಬೆಳೆದಿರಬೇಕು ಎಂದಿತ್ತು. ನಮ್ಮ ಗೋದಾಮಿನಲ್ಲಿದ್ದ ಗೋಣಿಚೀಲಗಳ ಮೇಲೆ ಬೆನಿನ್ ದೇಶದ ಹೆಸರು. ಇಷ್ಟು ಕೈಗಳು ದುಡಿದ ತಿರುಳು ಕಾಗದದ ಲೆಕ್ಕದಲ್ಲಿ ನಮ್ಮದಲ್ಲ. ಖರೀದಿದಾರರು ಪೂರ್ತಿ ಸುಂಕ ಕಟ್ಟಿಕೊಂಡರು.

ಬ್ರಿಟನ್ನಿಗೆ ಇದರ ಜೊತೆ ಇನ್ನೂ ಒಂದು ಹೊರೆ ಬಿತ್ತು. ಅದು ದೂರದ ದೇಶ ಅಲ್ಲ. ಬೆಳಿಗ್ಗೆ ಹಿಡಿದ ಏಡಿ ಸಂಜೆಗೆ ಫ್ರಾನ್ಸಿನ ಮಾರುಕಟ್ಟೆಗೆ ಹೋಗುವಷ್ಟು ಹತ್ತಿರ. ದೂರದಿಂದ ಕಂಟೇನರಿನಲ್ಲಿ ತಿಂಗಳುಗಟ್ಟಲೆ ಬರುವ ಸರಕಿಗೆ ಒಂದು ದಿನದ ತಪಾಸಣೆ ದೊಡ್ಡದಲ್ಲ. ಏಡಿಗೆ ದೊಡ್ಡದು. ಆರೋಗ್ಯ ಪ್ರಮಾಣಪತ್ರ, ಕಸ್ಟಮ್ಸ್ ಘೋಷಣೆ, ಪಶುವೈದ್ಯರ ಸಹಿ, ಎಲ್ಲವೂ ಪ್ರತಿ ಲೋಡಿಗೂ ಬೇಕು. ಹಾಗಾಗಿ ನನ್ನ ಅಭಿಪ್ರಾಯ ಇದು: ಸಮುದ್ರದಾಚೆಯ ದೇಶಕ್ಕೆ ಮುಕ್ತ ವ್ಯಾಪಾರ ಒಪ್ಪಂದ ಒಳ್ಳೆಯದು, ಗೋಡೆ ಹಂಚಿಕೊಂಡ ನೆರೆಮನೆಗೆ ಸಾಲದು.

ಇನ್ನೊಂದು ಮಾತು. ಈ ದಾರಿ ಸುಲಭ, ಬೇಗ ಆಗುತ್ತದೆ ಎಂದು ತಿಳಿಯಬೇಡಿ. ಕೆನಡಾದ ಒಪ್ಪಂದವನ್ನು 2016ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಒಂದು ಪ್ರಾಂತ್ಯ, ವಾಲೋನಿಯಾ, ಕೆಲವು ವಾರ ತಡೆದು ನಿಲ್ಲಿಸಿತು. ಭಾರತದ ಜೊತೆಗಿನ ಮಾತುಕತೆ 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಎದ್ದು, 2026ರ ಜನವರಿಯಲ್ಲಿ ಮುಗಿಯಿತು.

ಸುಂಕ ಒಕ್ಕೂಟ: ಟರ್ಕಿ

ಮೂಲದ ನಿಯಮದ ತಲೆನೋವು ಹೋಗಬೇಕಾದರೆ ಒಂದು ದಾರಿ ಇದೆ. ಇಬ್ಬರೂ ಹೊರಗಿನವರಿಗೆ ಒಂದೇ ಸುಂಕ ಹಾಕುವುದು. ಆಗ ಯಾವ ಬಾಗಿಲಿನಿಂದ ಬಂದರೂ ಒಂದೇ. ಟರ್ಕಿ 1995ರ ಕೊನೆಯಲ್ಲಿ ಹೀಗೆ ಮಾಡಿಕೊಂಡಿತು. ಕಾರ್ಖಾನೆಯ ಸರಕಿಗೆ ಎ.ಟಿ.ಆರ್. ಎಂಬ ಒಂದು ಕಾಗದ ಸಾಕು. ಎಲ್ಲಿ ಹುಟ್ಟಿತು ಎಂದು ಅದು ಕೇಳುವುದಿಲ್ಲ. ಸುಂಕ ಕಟ್ಟಿ ಒಳಗೆ ಬಂದ ಸರಕಾ ಎಂದಷ್ಟೇ ಕೇಳುತ್ತದೆ. ಬುರ್ಸಾ ನಗರದ ಕಾರು ಕಾರ್ಖಾನೆಗಳು ಇವತ್ತು ಯುರೋಪಿಗೆ ಕಾರು ಕಳಿಸುವುದರ ಹಿಂದೆ ಈ ಕಾಗದ ಇದೆ.

ಆದರೆ ಬಲ್ಗೇರಿಯಾ ಗಡಿಯ ಕಪಿಕುಲೆ ಗೇಟಿಗೆ ಹೋಗಿ ನಿಂತರೆ ಚಿತ್ರ ಬದಲಾಗುತ್ತದೆ. ಲಾರಿಯ ಒಳಗಿನ ಬಿಡಿಭಾಗಕ್ಕೆ ಸುಂಕ ಇಲ್ಲ. ಲಾರಿಗೆ ಮಾತ್ರ ಪರ್ಮಿಟ್ ಬೇಕು, ಅದಕ್ಕೆ ವರ್ಷಕ್ಕೆ ಇಷ್ಟು ಎಂಬ ಮಿತಿ. ಡ್ರೈವರಿಗೆ ವೀಸಾ ಬೇಕು. ಸರಕಿಗೆ ಬಾಗಿಲು ತೆರೆದಿದೆ, ಅದನ್ನು ಹೊತ್ತು ತಂದವನಿಗೆ ತೆರೆದಿಲ್ಲ. ರೈತರ ಬೆಳೆಯೂ ಒಪ್ಪಂದದ ಹೊರಗೆ. ಸೇವೆಗಳೂ ಹೊರಗೆ.

ಕುರ್ಚಿಯ ಮಾತಿಗೆ ಬಂದರೆ ಇನ್ನೂ ಕಷ್ಟ. ಹೊರಗಿನ ಸುಂಕ ಎಷ್ಟಿರಬೇಕು ಎಂದು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ತೀರ್ಮಾನವಾಗುತ್ತದೆ. ಟರ್ಕಿ ಅಲ್ಲಿಲ್ಲ. ಒಕ್ಕೂಟ ಮೆಕ್ಸಿಕೋ ಜೊತೆ ಒಪ್ಪಂದ ಮಾಡಿಕೊಂಡರೆ ಮೆಕ್ಸಿಕೋದ ಸರಕು ಯುರೋಪಿನ ದಾರಿಯಾಗಿ ಟರ್ಕಿಗೆ ಸುಂಕವಿಲ್ಲದೆ ಬರಬಹುದು. ಟರ್ಕಿಯ ಸರಕಿಗೆ ಮಾತ್ರ ಮೆಕ್ಸಿಕೋದಲ್ಲಿ ಪೂರ್ತಿ ಸುಂಕ. ಟರ್ಕಿ ಬೇರೆಯಾಗಿ ಹೋಗಿ ಮಾತಾಡಿಕೊಳ್ಳಬೇಕು. ಆದರೆ ಕೊಡುವುದನ್ನೆಲ್ಲ ಮೊದಲೇ ಕೊಟ್ಟಾಗಿರುವಾಗ ಎದುರಿನವರು ಯಾಕೆ ಮಾತಿಗೆ ಕೂರುತ್ತಾರೆ? ಭಾರತದ ಒಪ್ಪಂದ ಜಾರಿಗೆ ಬಂದ ದಿನ ನಮ್ಮ ಸರಕಿನ ವಿಷಯದಲ್ಲೂ ಟರ್ಕಿಗೆ ಇದೇ ಆಗುತ್ತದೆ.

ಟರ್ಕಿಯವರು ಇದನ್ನು ತಿಳಿಯದೆ ಸಹಿ ಹಾಕಲಿಲ್ಲ. ಸದಸ್ಯತ್ವಕ್ಕೆ 1987ರಲ್ಲೇ ಅರ್ಜಿ ಹಾಕಿದ್ದರು. ಇದೊಂದು ಮೆಟ್ಟಿಲು, ಕೆಲವು ವರ್ಷ ನಿಂತು ಮೇಲೆ ಹತ್ತೋಣ ಅಂದುಕೊಂಡಿದ್ದರು. 2005ರಲ್ಲಿ ಮಾತುಕತೆ ಶುರುವೂ ಆಯಿತು, ಆಮೇಲೆ ನಿಂತುಹೋಯಿತು. ಮೂವತ್ತು ವರ್ಷದಿಂದ ಮೆಟ್ಟಿಲಿನ ಮೇಲೆಯೇ ನಿಂತಿದ್ದಾರೆ. ಐದು ದಾರಿಗಳಲ್ಲಿ ಇದನ್ನು ನಾನು ಯಾರಿಗೂ ಕಾಯಂ ಮನೆಯಾಗಿ ಹೇಳುವುದಿಲ್ಲ. ಮುಂದಿನ ಮೆಟ್ಟಿಲಿಗೆ ದಿನಾಂಕ ಬರೆದುಕೊಂಡ ಹೊರತು ಇದಕ್ಕೆ ಸಹಿ ಹಾಕಬಾರದು.

ಇದರ ತದ್ವಿರುದ್ಧ ಚಿತ್ರ ನಮ್ಮ ಪಕ್ಕದಲ್ಲೇ ಇದೆ. 1950ರ ಒಪ್ಪಂದದ ಪ್ರಕಾರ ನೇಪಾಳದವರಿಗೆ ಭಾರತಕ್ಕೆ ಬರಲು ವೀಸಾ ಬೇಡ, ಕೆಲಸ ಮಾಡಲು ಪರ್ಮಿಟ್ ಬೇಡ. ನಮಗೂ ಅಲ್ಲಿ ಹಾಗೆಯೇ. ಬೆಂಗಳೂರಿನ ಹೋಟೆಲುಗಳಲ್ಲಿ, ಅಪಾರ್ಟ್‌ಮೆಂಟ್ ಗೇಟುಗಳಲ್ಲಿ ದುಡಿಯುವ ನೇಪಾಳಿ ಹುಡುಗರು ಹಾಗೆಯೇ ಬಂದವರು. ನೇಪಾಳದ ರೂಪಾಯಿಯ ದರವೂ 1993ರಿಂದ ನಮ್ಮ ಒಂದಕ್ಕೆ 1.60 ಎಂದು ಕಟ್ಟಿಟ್ಟದ್ದು. ಆದರೆ ರಕ್ಸೌಲ್‌ನಲ್ಲಿ ಲಾರಿ ನಿಲ್ಲಲೇಬೇಕು. ಕಸ್ಟಮ್ಸ್ ಬೇರೆ ಬೇರೆ. ಅಲ್ಲಿ ಜನ ದಾಟುತ್ತಾರೆ, ಸರಕು ನಿಲ್ಲುತ್ತದೆ. ಟರ್ಕಿಯಲ್ಲಿ ಸರಕು ದಾಟುತ್ತದೆ, ಜನ ನಿಲ್ಲುತ್ತಾರೆ. "ಗಡಿ ತೆರೆದಿದೆ" ಎಂದು ಯಾರಾದರೂ ಹೇಳಿದರೆ ಯಾರಿಗೆ ಎಂದು ಕೇಳಿ.

ಸುಂಕ ಒಕ್ಕೂಟದ ಬಗ್ಗೆ ಮರೆಯಬಾರದ ವಿಷಯ ಇನ್ನೊಂದಿದೆ. ಮುಕ್ತ ವ್ಯಾಪಾರ ಒಪ್ಪಂದಗಳನ್ನು ಎಷ್ಟು ಜನರ ಜೊತೆ ಬೇಕಾದರೂ ಮಾಡಿಕೊಳ್ಳಬಹುದು. ಸುಂಕ ಒಕ್ಕೂಟ ಹಾಗಲ್ಲ. ಹೊರಗೋಡೆ ಒಂದೇ ಎತ್ತರ ಇರಬೇಕು, ಹಾಗಾಗಿ ಎರಡು ಒಕ್ಕೂಟದಲ್ಲಿ ಒಟ್ಟಿಗೆ ಇರಲು ಆಗುವುದೇ ಇಲ್ಲ. 2013ರಲ್ಲಿ ಆರ್ಮೇನಿಯಾ ಮತ್ತು ಉಕ್ರೇನ್ ಎರಡರ ಮುಂದೆಯೂ ಈ ಪ್ರಶ್ನೆ ಬಂತು. ಒಂದು ಕಡೆ ಐರೋಪ್ಯ ಒಕ್ಕೂಟದ ಒಪ್ಪಂದ, ಇನ್ನೊಂದು ಕಡೆ ರಷ್ಯಾದ ಸುಂಕ ಒಕ್ಕೂಟ. ಆರ್ಮೇನಿಯಾ ಸೆಪ್ಟೆಂಬರ್‌ನಲ್ಲಿ ರಷ್ಯಾದ ಕಡೆ ಹೋಯಿತು. ನವೆಂಬರ್‌ನಲ್ಲಿ ಉಕ್ರೇನಿನ ಅಧ್ಯಕ್ಷ ಯಾನುಕೊವಿಚ್ ಬ್ರಸೆಲ್ಸ್‌ನ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ ಎಂದಾಗ ಕೀವ್‌ನ ಮೈದಾನದಲ್ಲಿ ಜನ ಸೇರಿದರು. ಸುಂಕದ ಪಟ್ಟಿ ಒಣ ವಿಷಯ ಎಂದು ನನಗೆ ಯಾರಾದರೂ ಹೇಳಿದಾಗ ನನಗೆ ಆ ಚಳಿಗಾಲ ನೆನಪಾಗುತ್ತದೆ.

ಏಕ ಮಾರುಕಟ್ಟೆಯ ಒಳಗೆ, ಒಕ್ಕೂಟದ ಹೊರಗೆ: ನಾರ್ವೆ

ಸುಂಕ ಹೋದ ಮೇಲೂ ಲಾರಿ ಯಾಕೆ ನಿಲ್ಲುತ್ತದೆ ಎಂಬುದಕ್ಕೆ ಉತ್ತರ ಒಂದು ಬಾಟಲಿಯಲ್ಲಿದೆ. ಫ್ರಾನ್ಸಿನ ಡಿಜೋನ್ ಊರಿನಲ್ಲಿ ಕರಿ ದ್ರಾಕ್ಷಿಯಂಥ ಒಂದು ಹಣ್ಣಿನಿಂದ ಕ್ಯಾಸಿಸ್ ಎಂಬ ಸಿಹಿ ಮದ್ಯ ಮಾಡುತ್ತಾರೆ. ಅದರಲ್ಲಿ ಆಲ್ಕೊಹಾಲ್ ಶೇ. 15ರಿಂದ 20. ಜರ್ಮನಿಯ ವ್ಯಾಪಾರಿ ಸಂಸ್ಥೆಯೊಂದು ಅದನ್ನು ತರಿಸಲು ಹೊರಟಿತು. ಜರ್ಮನಿಯ ಕಾನೂನಿನಲ್ಲಿ ಹಣ್ಣಿನ ಮದ್ಯಕ್ಕೆ ಶೇ. 25 ಇರಲೇಬೇಕು. ಸುಂಕ ಇಲ್ಲ, ತರಬಹುದು, ಮಾರುವ ಹಾಗಿಲ್ಲ. ಕೇಸು ಲಕ್ಸೆಂಬರ್ಗ್‌ನ ಐರೋಪ್ಯ ಕೋರ್ಟಿಗೆ ಹೋಯಿತು. 1979ರಲ್ಲಿ ತೀರ್ಪು ಬಂತು: ಒಂದು ದೇಶದಲ್ಲಿ ಕಾನೂನಿನಂತೆ ಮಾಡಿ ಮಾರುತ್ತಿರುವ ವಸ್ತುವನ್ನು, ಬಲವಾದ ಕಾರಣ ಇಲ್ಲದೆ ಇನ್ನೊಂದು ದೇಶ ತಡೆಯಬಾರದು. ಏಕ ಮಾರುಕಟ್ಟೆ ಅಂದರೆ ಇದೇ. ಸುಂಕದ ಜೊತೆ ನಿಯಮದ ಗೋಡೆಯೂ ಬೀಳಬೇಕು. 1993ರ ಜನವರಿ 1ಕ್ಕೆ ಅದು ಅಧಿಕೃತವಾಗಿ ಶುರುವಾಯಿತು. ಸರಕು, ಸೇವೆ, ಹಣ, ಜನ ನಾಲ್ಕಕ್ಕೂ ಓಡಾಟ.

ನಾರ್ವೆಯ ಜನ ಒಕ್ಕೂಟ ಸೇರುವುದು ಬೇಡ ಎಂದು ಎರಡು ಸಲ ಮತ ಹಾಕಿದರು. 1972ರಲ್ಲಿ ಶೇ. 53.5, 1994ರಲ್ಲಿ ಶೇ. 52.2. ಆದರೆ 1994ರಿಂದಲೇ ಐರೋಪ್ಯ ಆರ್ಥಿಕ ಪ್ರದೇಶ ಎಂಬ ವ್ಯವಸ್ಥೆಯ ಮೂಲಕ ಐಸ್‌ಲೆಂಡ್ ಮತ್ತು (1995ರಿಂದ) ಲಿಕ್ಟೆನ್‌ಸ್ಟೈನ್ ಜೊತೆ ಏಕ ಮಾರುಕಟ್ಟೆಯ ಒಳಗಿದೆ. ನಾರ್ವೆಯ ಹುಡುಗಿ ಬರ್ಲಿನ್‌ನಲ್ಲಿ ಕೆಲಸಕ್ಕೆ ಸೇರಲು ಯಾರ ಅನುಮತಿಯೂ ಬೇಡ. ಪೋಲೆಂಡಿನ ಬಡಗಿಗೆ ಓಸ್ಲೋದಲ್ಲೂ ಅಷ್ಟೇ.

ಮೀನು ಮತ್ತು ಕೃಷಿಯನ್ನು ಮಾತ್ರ ನಾರ್ವೆ ಹೊರಗಿಟ್ಟುಕೊಂಡಿತು. ತನ್ನ ಸಮುದ್ರದ ಮೀನಿನ ಮೇಲೆ ತನ್ನದೇ ಹಿಡಿತ ಇರಬೇಕೆಂಬುದು ಅವರ ಹಟ. ಅದಕ್ಕೆ ಅವರು ಕಟ್ಟುವ ಬೆಲೆ ನೋಡಿ. ತಾಜಾ ಸಾಲ್ಮನ್ ಯುರೋಪಿಗೆ ಹೋದರೆ ಸುಂಕ ಶೇ. 2. ಅದನ್ನೇ ನಾರ್ವೆಯಲ್ಲಿ ಹೊಗೆ ಹಾಕಿ ಹದ ಮಾಡಿ ಕಳಿಸಿದರೆ ಶೇ. 13. ಹಾಗಾಗಿ ಮೀನು ಹಸಿಯಾಗಿ ಪೋಲೆಂಡಿಗೆ ಹೋಗುತ್ತದೆ. ಹೊಗೆ ಹಾಕುವುದು, ತೆಳ್ಳಗೆ ಕತ್ತರಿಸುವುದು, ಪ್ಯಾಕ್ ಮಾಡುವುದು ಅಲ್ಲಿ. ಮೀನು ನಾರ್ವೆಯದು, ಕಾರ್ಖಾನೆಯ ಕೆಲಸ ಪೋಲೆಂಡಿನದು.

ಸುಂಕ ಒಕ್ಕೂಟದಲ್ಲಿ ಇಲ್ಲದ ಕಾರಣ ಸ್ವೀಡನ್ ಗಡಿಯ ಸ್ವಿನೆಸುಂಡ್ ಸೇತುವೆಯಲ್ಲಿ ಲಾರಿಗಳು ಕಸ್ಟಮ್ಸ್ ಕಾಗದ ತೋರಿಸಬೇಕು. ಅಲ್ಲಿ ಒಂದು ಜಾಣತನ ಮಾಡಿದ್ದಾರೆ. 1959ರಿಂದಲೇ ಎರಡೂ ದೇಶಗಳ ನಡುವೆ ಒಪ್ಪಂದ ಇದೆ, ಒಂದು ದೇಶದ ಕಸ್ಟಮ್ಸ್‌ನವರು ಇನ್ನೊಂದು ದೇಶದ ಕೆಲಸವನ್ನೂ ಮಾಡಿ ಮುಗಿಸುತ್ತಾರೆ. ಲಾರಿ ನಿಲ್ಲುತ್ತದೆ, ಆದರೆ ಒಂದೇ ಸಲ. ಅದೇ ಸೇತುವೆಯ ಮೇಲೆ ಶನಿವಾರ ನಾರ್ವೆಯವರ ಕಾರುಗಳು ಸ್ವೀಡನ್ನಿಗೆ ಹೋಗುತ್ತವೆ, ಅಗ್ಗದ ಮಾಂಸ, ಚೀಸ್ ತರಲು. ಕೃಷಿಯನ್ನು ಹೊರಗಿಟ್ಟದ್ದರ ಬೆಲೆ ಮನೆಯ ಫ್ರಿಜ್‌ನವರೆಗೂ ಬರುತ್ತದೆ.

ಈಗ ಕುರ್ಚಿ. ಏಕ ಮಾರುಕಟ್ಟೆಯ ನಿಯಮಗಳನ್ನು ನಾರ್ವೆ ತನ್ನ ಕಾನೂನಿಗೆ ಸೇರಿಸಿಕೊಳ್ಳುತ್ತಲೇ ಇರಬೇಕು. ತಜ್ಞರ ಸಮಿತಿಗಳಲ್ಲಿ ಮಾತಾಡಬಹುದು, ಮತ ಹಾಕುವ ಹಾಗಿಲ್ಲ. ಅವರೇ ಇದಕ್ಕೆ ಫ್ಯಾಕ್ಸ್ ಪ್ರಜಾಪ್ರಭುತ್ವ ಎಂದು ಹೆಸರಿಟ್ಟಿದ್ದಾರೆ. ಬ್ರಸೆಲ್ಸ್‌ನಿಂದ ಫ್ಯಾಕ್ಸ್ ಬಂತು, ಓಸ್ಲೋದಲ್ಲಿ ಜಾರಿಯಾಯಿತು ಎಂಬ ಹಾಗೆ. ಇದರ ಮೇಲೆ ಒಕ್ಕೂಟದ ಬಡ ದೇಶಗಳಿಗೆ ಹಣವನ್ನೂ ಕೊಡಬೇಕು. 2014ರಿಂದ 2021ರ ಅವಧಿಗೆ ಮೂರು ದೇಶಗಳು ಸೇರಿ ಸುಮಾರು 280 ಕೋಟಿ ಯೂರೋ ಕೊಟ್ಟವು, ಅದರಲ್ಲಿ ಬಹುಪಾಲು ನಾರ್ವೆಯದೇ.

ಇದನ್ನು ಬೈಯುವುದು ಸುಲಭ. ಆದರೆ ನಾರ್ವೆಯವರು ತಿಳಿದೇ ಈ ವ್ಯಾಪಾರ ಮಾಡಿಕೊಂಡಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಅವರಿಗೆ ಕಾಪಾಡಿಕೊಳ್ಳಬೇಕಾದ ಒಂದು ವಸ್ತು ಇತ್ತು. ಅದಕ್ಕೆ ಬೆಲೆ ಕಟ್ಟಲು ತೈಲದ ಹಣ ಇತ್ತು. ಈ ಎರಡೂ ಇದ್ದ ದೇಶಕ್ಕೆ ನಾರ್ವೆಯ ದಾರಿ ಹೊಂದುತ್ತದೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಕುರ್ಚಿ ಬಿಟ್ಟುಕೊಟ್ಟದ್ದು ಪೂರ್ತಿ ನಷ್ಟ.

ತುಂಡು ತುಂಡು ಒಪ್ಪಂದಗಳು: ಸ್ವಿಟ್ಜರ್ಲೆಂಡ್

ಸ್ವಿಸ್ ಜನ 1992ರ ಡಿಸೆಂಬರ್ 6ರಂದು ನಾರ್ವೆಯ ದಾರಿಯನ್ನೂ ಬೇಡ ಎಂದರು, ಶೇ. 50.3 ಮತಗಳಿಂದ. ಆಮೇಲೆ ಒಂದೊಂದು ವಿಷಯಕ್ಕೆ ಒಂದೊಂದು ಒಪ್ಪಂದ ಮಾಡಿಕೊಳ್ಳುತ್ತಾ ಈಗ ನೂರಿಪ್ಪತ್ತಕ್ಕಿಂತ ಜಾಸ್ತಿ ಆಗಿವೆ. ಬಾಸೆಲ್, ಜಿನೀವಾದಂಥ ಸ್ವಿಸ್ ಊರುಗಳಿಗೆ ದಿನಾ ಫ್ರಾನ್ಸ್, ಜರ್ಮನಿ, ಇಟಲಿಗಳಿಂದ ಸುಮಾರು 4 ಲಕ್ಷ ಜನ ಗಡಿ ದಾಟಿ ಕೆಲಸಕ್ಕೆ ಬರುತ್ತಾರೆ. ಚೆನ್ನಾಗಿಯೇ ನಡೆಯುತ್ತಿದೆ ಅನ್ನಿಸಬಹುದು.

ತೊಂದರೆ ಏನೆಂದರೆ ಈ ಒಪ್ಪಂದಗಳು ತಾವಾಗಿ ಬೆಳೆಯುವುದಿಲ್ಲ. ಅಲ್ಲಿ ನಿಯಮ ಬದಲಾದರೆ ಇಲ್ಲಿಯದು ಹಳತಾಗುತ್ತದೆ. 2021ರ ಮೇ 26ರಂದು ಸ್ವಿಸ್ ಸರಕಾರ ದೊಡ್ಡ ಒಪ್ಪಂದವೊಂದರ ಮಾತುಕತೆ ಕೈಬಿಟ್ಟಿತು. ಅದೇ ದಿನ ಅವರ ವೈದ್ಯಕೀಯ ಉಪಕರಣಗಳಿಗೆ ಯುರೋಪಿನಲ್ಲಿದ್ದ ಮಾನ್ಯತೆ ಹೋಯಿತು. ಅಂದಿನಿಂದ ಅವರು ಹೊರಗಿನ ದೇಶದವರ ಹಾಗೆ ಪ್ರತಿನಿಧಿ ಇಟ್ಟುಕೊಳ್ಳಬೇಕಾಯಿತು, ಲೇಬಲ್ ಬದಲಿಸಬೇಕಾಯಿತು. 1999ರಲ್ಲಿ ಸಹಿಯಾದ ಏಳು ಒಪ್ಪಂದಗಳಿಗಂತೂ ಒಂದೇ ಹಗ್ಗ ಕಟ್ಟಿದೆ. ಒಂದು ಬಿದ್ದರೆ ಏಳೂ ಬೀಳುತ್ತವೆ.

ಇದನ್ನು ಬೇರೆಯವರು ನಕಲು ಮಾಡುವ ಆಸೆ ಬಿಡುವುದು ಒಳ್ಳೆಯದು. ಬ್ರಸೆಲ್ಸ್‌ನವರೇ ಇಂಥ ಇನ್ನೊಂದನ್ನು ಯಾರಿಗೂ ಕೊಡಲು ತಯಾರಿಲ್ಲ.

ಪೂರ್ತಿ ಸದಸ್ಯತ್ವ

ಇಲ್ಲಿ ಸರಕು ನಿಲ್ಲುವುದಿಲ್ಲ, ಜನ ನಿಲ್ಲುವುದಿಲ್ಲ. ಐರ್ಲೆಂಡಿಗೂ ಬ್ರಿಟನ್ನಿನ ಭಾಗವಾದ ಉತ್ತರ ಐರ್ಲೆಂಡಿಗೂ ನಡುವಿನ ಗಡಿಯಲ್ಲಿ ಸುಮಾರು 500 ಕಿಲೋಮೀಟರ್ ಉದ್ದಕ್ಕೂ ಇದ್ದ ಕಸ್ಟಮ್ಸ್ ಚೌಕಿಗಳು 1993ರಲ್ಲಿ ಏಕ ಮಾರುಕಟ್ಟೆ ಬಂದಾಗ ಹೋದವು. 1998ರಲ್ಲಿ ಅಲ್ಲಿಯ ಹಿಂಸೆ ನಿಲ್ಲಿಸಲು ಆದ ಗುಡ್ ಫ್ರೈಡೇ ಒಪ್ಪಂದದ ಮೇಲೆ ಸೈನಿಕರ ಚೌಕಿಗಳೂ ಹೋದವು. ಬ್ರಿಟನ್ ಹೊರಬಂದಾಗ ಎಲ್ಲರಿಗೂ ಇದ್ದ ಭಯ ಆ ಚೌಕಿ ವಾಪಸ್ ಬರುತ್ತದೆ ಎಂಬುದೇ. ಕೊನೆಗೆ ತಪಾಸಣೆಯನ್ನು ಐರಿಶ್ ಸಮುದ್ರಕ್ಕೆ ಸರಿಸಿದರು.

ಕುರ್ಚಿಯೂ ಇಲ್ಲಿದೆ. ಮಾಲ್ಟಾ ದೇಶದಲ್ಲಿ ಇರುವುದು ಆರು ಲಕ್ಷಕ್ಕೂ ಕಡಿಮೆ ಜನ, ನಮ್ಮ ಒಂದು ನಗರದಷ್ಟು. ಅದಕ್ಕೂ ಐರೋಪ್ಯ ಸಂಸತ್ತಿನಲ್ಲಿ 6 ಸ್ಥಾನ, ಕಾನೂನಿನ ಕರಡು ಮಾಡುವ ಆಯೋಗದಲ್ಲಿ ಒಬ್ಬ ಆಯುಕ್ತರು. ಜರ್ಮನಿಗೆ 96 ಸ್ಥಾನ. ಸಾಮಾನ್ಯ ಕಾನೂನಿಗೆ ಶೇ. 55ರಷ್ಟು ದೇಶಗಳು, ಶೇ. 65ರಷ್ಟು ಜನಸಂಖ್ಯೆ ಒಪ್ಪಬೇಕು. ತೆರಿಗೆ, ವಿದೇಶಾಂಗ ನೀತಿಯಲ್ಲಿ ಮಾಲ್ಟಾ ಒಬ್ಬರೇ ಬೇಡ ಎಂದರೂ ಕೆಲಸ ನಿಲ್ಲುತ್ತದೆ. ಸಾರ್ವಭೌಮತ್ವ ಹೋಗುತ್ತದೆ ಎಂದು ಸದಸ್ಯತ್ವಕ್ಕೆ ಹೆದರುವವರು ಮಾಲ್ಟಾ ಮತ್ತು ನಾರ್ವೆಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ತಾನು ಪಾಲಿಸುವ ನಿಯಮದ ಮೇಲೆ ಯಾರಿಗೆ ಜಾಸ್ತಿ ಹಿಡಿತ ಇದೆ?

ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ಒಂದು ಡಚ್ ಸಾಗಣೆ ಕಂಪನಿ ಜರ್ಮನಿಯಿಂದ ಅಂಟು ಮಾಡುವ ರಾಸಾಯನಿಕ ತರಿಸಿತು. ಸುಂಕವನ್ನು ಶೇ. 3ರಿಂದ 8ಕ್ಕೆ ಏರಿಸಿದ್ದರು. ಒಕ್ಕೂಟಕ್ಕೆ ಬುನಾದಿ ಹಾಕಿದ 1957ರ ರೋಮ್ ಒಪ್ಪಂದದಲ್ಲಿ ಸುಂಕ ಏರಿಸಬಾರದು ಎಂದಿತ್ತು. ಒಪ್ಪಂದ ಆದದ್ದು ದೇಶಗಳ ನಡುವೆ, ನಿಮಗೇನು ಸಂಬಂಧ ಎಂಬುದು ಸರಕಾರದ ವಾದ. 1963ರಲ್ಲಿ ಕೋರ್ಟು ಹೇಳಿತು: ಈ ಒಪ್ಪಂದ ನಾಗರಿಕರಿಗೂ ಹಕ್ಕು ಕೊಡುತ್ತದೆ, ಅವರು ತಮ್ಮ ಊರಿನ ಕೋರ್ಟಿನಲ್ಲೇ ಅದನ್ನು ಕೇಳಬಹುದು. ಕಾಗದ ಹಿಡಿದು ಕೌಂಟರಿನ ಮುಂದೆ ನಿಂತು ಗೊತ್ತಿರುವ ನನಗೆ ಆ ತೀರ್ಪಿನ ಬೆಲೆ ಗೊತ್ತು. ಬೇರೆ ನಾಲ್ಕು ದಾರಿಗಳಲ್ಲಿ ಯಾವುದೂ ಒಬ್ಬ ಸಾಮಾನ್ಯ ವ್ಯಾಪಾರಿಗೆ ಇಷ್ಟು ಗಟ್ಟಿಯಾಗಿ ಇದನ್ನು ಕೊಡುವುದಿಲ್ಲ.

ಬೆಲೆ ಇದೆ. ವ್ಯಾಪಾರದ ಒಪ್ಪಂದಗಳನ್ನು ನೀವೇ ಮಾಡಿಕೊಳ್ಳುವ ಹಾಗಿಲ್ಲ. ಕೋರ್ಟಿನ ತೀರ್ಪು ನಿಮ್ಮ ಕಾನೂನಿಗಿಂತ ಮೇಲೆ. ಒಳಗೆ ಹೋಗುವುದೂ ಸುಲಭ ಅಲ್ಲ, ಒಳಗಿರುವ ಪ್ರತಿಯೊಬ್ಬರೂ ಹೂಂ ಅನ್ನಬೇಕು. ಮ್ಯಾಸಿಡೋನಿಯಾ ಗ್ರೀಸನ್ನು ಒಪ್ಪಿಸಲು 2019ರಲ್ಲಿ ದೇಶದ ಹೆಸರನ್ನೇ ಉತ್ತರ ಮ್ಯಾಸಿಡೋನಿಯಾ ಎಂದು ಬದಲಿಸಿತು. ಮರುವರ್ಷ ಬಲ್ಗೇರಿಯಾ ಅಡ್ಡ ಬಂತು. ಹೆಸರು ಬಿಟ್ಟುಕೊಟ್ಟ ಜನ ಇನ್ನೂ ಹೊರಗೆ ಕಾಯುತ್ತಿದ್ದಾರೆ. ನನಗೆ ಅದು ದೊಡ್ಡ ಅನ್ಯಾಯ ಅನ್ನಿಸುತ್ತದೆ.

ಯೂರೋ ಎಂಬ ಹಣ ಮತ್ತು ಷೆಂಗೆನ್ (ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ಇಲ್ಲದ ವಲಯ) ಬೇರೆ ಲೆಕ್ಕ. ಐರ್ಲೆಂಡ್ ಒಕ್ಕೂಟದಲ್ಲಿದೆ, ಷೆಂಗೆನ್‌ನಲ್ಲಿಲ್ಲ. ನಾರ್ವೆ, ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ, ಷೆಂಗೆನ್‌ನಲ್ಲಿವೆ. ಡೆನ್ಮಾರ್ಕ್ ಸದಸ್ಯ, ಆದರೆ ತನ್ನ ಕ್ರೋನ್ ಬಿಟ್ಟಿಲ್ಲ. ಇವನ್ನು ಸದಸ್ಯತ್ವದ ಜೊತೆ ಬೆರೆಸಿ ತಲೆ ಕೆಡಿಸಿಕೊಳ್ಳಬೇಡಿ.

ಹಾಗಾದರೆ ಯಾರಿಗೆ ಯಾವುದು?

ಮೊದಲು ದೂರ ಅಳೆಯಿರಿ. ಸರಕು ಹಡಗಿನಲ್ಲಿ ವಾರಗಟ್ಟಲೆ ಹೋಗುವುದಾದರೆ ಮುಕ್ತ ವ್ಯಾಪಾರ ಒಪ್ಪಂದ ಸಾಕು. ಭಾರತಕ್ಕೆ ಅದೇ ಸರಿ. ನಾರ್ವೆ, ಸ್ವಿಟ್ಜರ್ಲೆಂಡ್ ಇರುವ ಎಫ್ಟಾ ಗುಂಪಿನ ಜೊತೆ ನಮ್ಮ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸರಕು ಲಾರಿಯಲ್ಲಿ ಅದೇ ದಿನ ಹೋಗುವುದಾದರೆ ಅದರಾಚೆ ಯೋಚಿಸಬೇಕು. ಜನ ದುಡಿಯಲು ಹೊರಗೆ ಹೋಗುವ ದೇಶಕ್ಕೆ ಟರ್ಕಿಯ ದಾರಿ ಬೇಡವೇ ಬೇಡ. ಬಿಡಲಾಗದ ಒಂದು ಸಂಪತ್ತು ಮತ್ತು ಕೈಯಲ್ಲಿ ಹಣ ಇದ್ದರೆ ನಾರ್ವೆಯ ದಾರಿ. ಎರಡೂ ಇಲ್ಲದ ಪುಟ್ಟ ನೆರೆಯ ದೇಶಕ್ಕೆ, ಕಾಯುವುದು ಎಷ್ಟೇ ಕಷ್ಟವಾದರೂ, ನಾನು ಸದಸ್ಯತ್ವವನ್ನೇ ಹೇಳುತ್ತೇನೆ. ಮೊಲ್ಡೋವಾದಲ್ಲಿ 2024ರ ಅಕ್ಟೋಬರ್‌ನಲ್ಲಿ ಈ ಪ್ರಶ್ನೆಗೆ ಜನಮತ ನಡೆಯಿತು. ಹೌದು ಎಂದವರು ಶೇ. 50.35. ದೇಶದೊಳಗಿನ ಮತಗಳಲ್ಲಿ ಬೇಡ ಎಂಬುದೇ ಜಾಸ್ತಿ ಇತ್ತು. ಹೊರಗೆ ದುಡಿಯಲು ಹೋದವರ ಮತಪೆಟ್ಟಿಗೆ ತೆರೆದ ಮೇಲೆ ಫಲಿತಾಂಶ ತಿರುಗಿತು.

ನಮ್ಮ ಮಟ್ಟಿಗೆ ಒಪ್ಪಂದ ಓದುವವರು ಒಂದು ಸಾಲನ್ನು ಹುಡುಕಬೇಕು. ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು. ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. ಯುರೋಪಿನ ಸಾಮಾನ್ಯ ದರದಲ್ಲಿ ಹಸಿ ಕಾಫಿ ಬೀಜಕ್ಕೆ ಸುಂಕ ಸೊನ್ನೆ, ಹುರಿದದ್ದಕ್ಕೆ ಶೇ. 7.5. ಸಾಲ್ಮನ್ ಕಥೆಯೇ ಇಲ್ಲೂ. ಚಿಕ್ಕಮಗಳೂರಿನಲ್ಲಿ ಹುರಿದು ಪ್ಯಾಕ್ ಮಾಡಿ ಕಳಿಸುವವರಿಗೆ ಹುರಿದದ್ದರ ಮೇಲಿನ ಸುಂಕ ಹೋಗುವುದು ಮುಖ್ಯ.

ಕುರ್ಚಿಯ ಮಾತೂ ತೋಟದವರೆಗೆ ಬಂದಿದೆ. ಕಾಡು ಕಡಿದು ಬೆಳೆದ ಬೆಳೆ ಬೇಡ ಎಂದು ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಕಾಫಿಯೂ ಅದರಲ್ಲಿದೆ. 2020ರ ಕೊನೆಯ ನಂತರ ಕಾಡು ಕಡಿದ ಜಾಗದ್ದಲ್ಲ ಎಂದು ತೋರಿಸಲು ಪ್ರತಿ ತೋಟದ ಜಾಗ ಗುರುತಿಸಿ ಕೊಡಬೇಕು. 4 ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆಯವರೆಗೆ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಬೇಲಿಯ ಉದ್ದಕ್ಕೂ ಗೆರೆ ಎಳೆದು ಕೊಡಬೇಕು. ಕೊಡಗಿನ ಬೆಳೆಗಾರರಿಗೆ ಇದರ ಬಗ್ಗೆ ಮತ ಇರಲಿಲ್ಲ. ಹೊರಗಿನ ದೇಶಗಳು ದೂರಿದವು. ಒಳಗೆ ಕುರ್ಚಿ ಇರುವ ಆಸ್ಟ್ರಿಯಾದಂಥ ದೇಶಗಳು ತಮ್ಮ ಕಾಡಿನ ಮಾಲೀಕರಿಗೆ ಕಷ್ಟ ಎಂದು ಪಟ್ಟು ಹಿಡಿದವು. ಜಾರಿಯ ದಿನ ಎರಡು ಸಲ ಮುಂದೆ ಹೋಯಿತು. ನಮ್ಮ ತೋಟಗಳಲ್ಲಿ ಅಷ್ಟರಲ್ಲಿ ಫೋನ್ ಹಿಡಿದು ಬೇಲಿ ಸುತ್ತುವ ಕೆಲಸ ಶುರುವಾಗಿದೆ.